ಡ್ರಾಯರಿನಲ್ಲಿ ಕಿವಿ

ಡಿಸೆಂಬರಿನ ಲೆರ್ವಿಕ್‌ನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು,
ರಾತ್ರಿ ಪಾಳಿ ಹಗಲಲ್ಲೇ ಶುರುವಾದ ಹಾಗೆ.
ಮ್ಯಾಗ್ನಿ ಇಸ್ಬಿಸ್ಟರ್, ಎಂಬತ್ತಾರು, ಸೊಂಟದ ಮೂಳೆ ಮುರಿತ,
ನಡುರಾತ್ರಿ ಎದ್ದು ಕೂತು
ಮಂಚದ ಕಂಬಿಗೆ ಹಗ್ಗ ಬಿಗಿಯುತ್ತಿದ್ದ,
ಇಲ್ಲದ ಹಗ್ಗ.
'ಬಲೆ ಎಳೆಯಿರೋ, ಮುಳುಗುತ್ತೇವೆ' ಎಂದು ಕೂಗುತ್ತಿದ್ದ.
ಹಾಳೆಯಲ್ಲಿ ಬರೆದೆ: ಗೊಂದಲ. ಸಹಕರಿಸುತ್ತಿಲ್ಲ.
ಹದಿನೇಳು ವರ್ಷದಿಂದ ಅದನ್ನೇ ಬರೆದ ಕೈ,
ನೋಡದೆಯೇ ಬರೆಯುತ್ತಿತ್ತು.

ಬೆಳಗಿನ ಜಾವ ಅವನ ಕನ್ನಡಕಕ್ಕೆಂದು ಡ್ರಾಯರ್ ಎಳೆದರೆ
ಹಲ್ಲಿನ ಸೆಟ್ಟು, ಅರ್ಧ ಚೀಪಿಟ್ಟ ಪೆಪ್ಪರ್‌ಮಿಂಟು,
ಕಾಗದದಲ್ಲಿ ಸುತ್ತಿದ ಎರಡು ಶ್ರವಣಯಂತ್ರ.
ಕಳೆದುಹೋಗಬಾರದೆಂದು ಯಾರೋ ಜೋಪಾನ ಮಾಡಿದ್ದು.
ಬ್ಯಾಟರಿ ಹಾಕಿ ಕಿವಿಗಿಟ್ಟೆ.
ಅವನು ನನ್ನತ್ತ ತಿರುಗಿ, ತೀರಾ ಸಮಾಧಾನವಾಗಿ,
'ಏನಮ್ಮ, ಇಷ್ಟು ಹೊತ್ತೂ ಬರೀ ಬಾಯಿ ಆಡಿಸುತ್ತಿದ್ದೆಯಲ್ಲ' ಎಂದ.

ಅಂದಿನಿಂದ ಎಣಿಸತೊಡಗಿದೆ.
ಅಪ್ಪನ ಕುರಿ ಲೆಕ್ಕದ ಪುಸ್ತಕದಲ್ಲಿ ಖಾಲಿ ಪುಟಗಳಿದ್ದವು.
ಎಡಕ್ಕೆ, ಯಂತ್ರ ಕಿವಿಯಲ್ಲಿದ್ದವರು.
ಬಲಕ್ಕೆ, ಡ್ರಾಯರಿನಲ್ಲಿದ್ದವರು.
ಯಾರು ಯಾವ ರಾತ್ರಿ ಯಾವ ದೋಣಿ ಹತ್ತಿದರು.
ಬಲದ ಸಾಲು ಉದ್ದವಾಗುತ್ತ
ಮುಂದಿನ ಪುಟಕ್ಕೆ ದಾಟಿತು.

'ಒಳ್ಳೆಯ ಗಮನಿಕೆ, ಓಸ್ಲಾ' ಎಂದರು ಡಾಕ್ಟರು.
ಬೆನ್ನು ತಟ್ಟುವ ಸದ್ದಿಗೂ
ಬಾಗಿಲು ಮುಚ್ಚುವ ಸದ್ದಿಗೂ ಹೆಚ್ಚು ವ್ಯತ್ಯಾಸವಿಲ್ಲ.
'ಆದರೆ ಪುರಾವೆ ಬೇಕಲ್ಲ?'
ತರುತ್ತೇನೆ ಎಂದೆ,
ಅಂಗಡಿಯಿಂದ ಹಾಲು ತರುವವಳ ಹಾಗೆ.

ಅಬರ್ಡೀನಿನ ಹಡಗು ಸಂಜೆ ಏಳಕ್ಕೆ ಬಿಟ್ಟರೆ
ಬೆಳಿಗ್ಗೆ ಏಳಕ್ಕೆ ಮುಟ್ಟುತ್ತದೆ.
ಮೂರು ಚಳಿಗಾಲ ಅದರ ಕ್ಯಾಂಟೀನಿನಲ್ಲಿ
ಜಾರುವ ಲ್ಯಾಪ್‌ಟಾಪನ್ನು ಮೊಣಕೈಯಿಂದ ಒತ್ತಿಹಿಡಿದು
ಸಂಖ್ಯಾಶಾಸ್ತ್ರ ಕಲಿತೆ, ನಲವತ್ತು ದಾಟಿದ ಮೇಲೆ.
ಒಮ್ಮೆ ವಾಂತಿಯ ಚೀಲದ ಮೇಲೆ ಸಮೀಕರಣ ಬಿಡಿಸಿದೆ;
ಉತ್ತರ ಸರಿಯಿತ್ತು, ಚೀಲವೂ ಬೇಕಾಯಿತು.
'ಮಂಚ ಬಿಟ್ಟು ಮೇಜು ಹಿಡಿದಳು' ಎಂದಳಂತೆ ಮಿಮಿ.
ನನ್ನ ಶನಿವಾರಗಳನ್ನೆಲ್ಲ ಹೊತ್ತವಳು ಅವಳು,
ಅನ್ನಲಿ.

ಈಗ ಎದೆಯ ಬಿಲ್ಲೆಯಲ್ಲಿ 'ತಜ್ಞ ನರ್ಸ್, ಸಂಶೋಧನೆ'.
ಸಮವಸ್ತ್ರದ ನೀಲಿ ಒಂದು ಪಟ್ಟು ಗಾಢ.
ಇಪ್ಪತ್ತು ವರ್ಷ ಸೋಪಿಗೆ ಒಡೆದಿದ್ದ ಬೆರಳ ಸಂದುಗಳು
ಮಾಗಿ ನುಣ್ಣಗಾಗಿವೆ.
ನೋಡಿಕೊಂಡರೆ ಯಾಕೋ ನಾಚಿಕೆ.

ಮ್ಯಾಗ್ನಿ ಮತ್ತೆ ಬಂದ, ತೊಂಬತ್ತಕ್ಕೆ, ಎದೆಯ ಸೋಂಕು ಹೊತ್ತು.
ಒಪ್ಪಿಗೆ ಪತ್ರದ ಆರು ಪುಟ ಓದಿ ಹೇಳಿದೆ, ಕೂಗದೆ.
'ಸರಿ, ಹೆಸರು ಬರಕೋ' ಎಂದ.
'ಹೆಸರು ಬರೆಯುವ ಹಾಗಿಲ್ಲ. ನೀವು ಸೊನ್ನೆ ನಲವತ್ತೊಂದು.'
ಅವನು ಕಿಟಕಿಯಾಚೆ ಬಂದರಿನ ದೀಪ ನೋಡುತ್ತ ತುಸು ಕೂತ.
'ದೋಣಿಗೂ ನಂಬರು ಇರುತ್ತೆ.
ಆದರೂ ಪಕ್ಕೆಯ ಮೇಲೆ ಹೆಸರು ಬರೆಸ್ತೀವಿ.
ಮುಳುಗಿದರೆ ಏನಂತ ಕೂಗೋದು?'
ಅದಕ್ಕೆ ನನ್ನ ಕ್ರಮಪತ್ರದಲ್ಲಿ ಉತ್ತರವಿರಲಿಲ್ಲ.

ಫೆಬ್ರವರಿಯಲ್ಲಿ ಹೋದ.
ಎರಡನೆಯ ಕೋಷ್ಟಕದ ಎಡ ಸಾಲಿನಲ್ಲಿ
ಒಂದು ಒಂದಾಗಿ ಕೂಡಿಕೊಂಡಿದ್ದಾನೆ.
ಹೆಸರುಗಳ ಪಟ್ಟಿ ಬೀಗದ ಕಪಾಟಿನಲ್ಲಿದೆ,
ಹತ್ತು ವರ್ಷಕ್ಕೆ ಅದನ್ನೂ ನಾಶಮಾಡಬೇಕು, ನಿಯಮ.
ಎಲ್ಲ ಡ್ರಾಯರುಗಳ ಮೇಲೂ ಈಗ ಹಳದಿ ಚೀಟಿ:
'ಕಿವಿ ಎಲ್ಲಿ?'

ತಿಂಗಳಿಗೊಂದು ರಾತ್ರಿ ಪಾಳಿ ಉಳಿಸಿಕೊಂಡಿದ್ದೇನೆ,
ಯಾರೂ ಕೇಳಿದ್ದಲ್ಲ.
ಮೊದಲು ಅವರಿಗೆ ಕಿವಿ ಕೊಟ್ಟು,
ಆಮೇಲೆ ಕಿವಿಗೊಟ್ಟು ಕೂರುತ್ತೇನೆ.
ಕೆಲವರು ಆಗಲೂ ದೋಣಿ ಹತ್ತುತ್ತಾರೆ,
ಪುರಾವೆ ಅದನ್ನೂ ಹೇಳುತ್ತದೆ.
ಹೆಸರು ಹಿಡಿದು ಕೂಗುತ್ತೇನೆ,
ಹಗ್ಗದ ಈ ತುದಿ
ನನ್ನ ಕೈಗೂ ಕೊಡಿ ಎಂದು.