ಗೋದಿ

ಮಝಗಾಂವದ ನಮ್ಮ ಖೋಲಿಗೆ ಬಂದ ಹುಡುಗಿ
ಮೃಣ್ಮಯಿ, ಕೈಗೆ ಬಿಳಿ ಗವಸು ಹಾಕಿಕೊಂಡಳು.
ನಾವೆಲ್ಲ ಬರಿಗೈಲಿ ಸವೆಸಿದ್ದನ್ನು
ಮುಟ್ಟಲಿಕ್ಕೆ ಅದು ಬೇಕಂತೆ.
ಅವ್ವ ನನ್ನ ಕಿವಿಯಲ್ಲಿ ಕೇಳಿದಳು:
"ಪಾಪ, ಪೋರಿಗಿ ತುರಿಕಿ ಆಗ್ಯಾದೇನ?"

ಚಾಪೆಯ ಮೇಲೆ ಒಂದೊಂದೇ ಇಟ್ಟೆವು.
ಅಪ್ಪನ ಹಿತ್ತಾಳೆ ಬಿಲ್ಲೆ, ಸಾವಿರದ ನೂರಾ ನಲವತ್ತಾರು.
ಉಡದಾರಕ್ಕೆ ಜೋತುಬಿದ್ದು ಜೋತುಬಿದ್ದು
ತೂತು ಒಂದೇ ಕಡೆ ಸವೆದಿದೆ.
ಜಳಕದಲ್ಲೂ ಬಿಚ್ಚುತ್ತಿರಲಿಲ್ಲ;
ಬಿಲ್ಲೆ ಹೋದರೆ ಪಾಳಿ ಹೋಯಿತು.
ಡಬ್ಬಿಯ ಮುಚ್ಚಳದ ಮೇಲೆ ಹೆಸರಿಲ್ಲ,
ಮೊಳೆಯಿಂದ ಹೊಡೆದ ಮೂರು ಚುಕ್ಕಿ, ಅದೇ ಸಹಿ.
ಬತ್ತಿ ಸ್ಟೋವು.
ಯಾವುದೋ ಹಡಗಿನ ಕಿವಿ ಒಡೆದ ಕಪ್ಪು, ನೀಲಿ ಲಂಗರು;
ಅದರಲ್ಲಿ ಯಾರೂ ಚಹಾ ಕುಡಿಯಲಿಲ್ಲ,
ಹಲ್ಲುಪುಡಿ ಇಡುತ್ತಿದ್ದೆವು.

ಆಮೇಲೆ ಕೊಕ್ಕೆ.
ಅವಳು ಬರೆದುಕೊಂಡಳು: ಕಬ್ಬಿಣ, ಮರದ ಹಿಡಿ,
ಮೂಟೆ ಎಳೆಯಲು.
ಬಳಸಿದವರು: ಮಲ್ಕಪ್ಪ, ಗೋದಿ ಕಾಮ್‌ಗಾರ.

ಗೋದಿ! ಅವಳ ಮರಾಠಿಯಲ್ಲಿ ಅದು ಹಡಗುಕಟ್ಟೆ.
ನಮ್ಮ ಬಾಯಲ್ಲಿ ಬರೀ ಕಾಳು.
ಸಾಲಿಯಲ್ಲಿ ಮಾಸ್ತರರು ಕೇಳಿದಾಗ
ನಮ್ಮಪ್ಪ ಗೋದಿಯಲ್ಲಿದ್ದಾನೆ ಎಂದಿದ್ದೆ,
ಕುತ್ತಿಗೆತನಕ ಕಾಳಿನಲ್ಲಿ ಹೂತು ನಿಂತವನನ್ನು
ಕಣ್ಣಿಗೆ ತಂದುಕೊಂಡು.
ಅಷ್ಟೇನೂ ತಪ್ಪಿರಲಿಲ್ಲ.

ಮುಷ್ಕರದ ಆ ನಲವತ್ತೆರಡು ದಿನ
ಕೊಕ್ಕೆ ತೊಲೆಯಿಂದ ಇಳಿಬಿದ್ದು
ತಮ್ಮನ ಜೋಳಿಗೆ ಹೊತ್ತಿತ್ತು.
ಅಷ್ಟು ಹಗುರದ್ದನ್ನು ಅದು ಎಂದೂ ಹಿಡಿದಿರಲಿಲ್ಲ.
ಹೇಳಿದೆ. ಅವಳು ಪೆನ್ನು ಎತ್ತಿ ನೋಡಿದಳು:
ಚೀಟಿಯಲ್ಲಿ ಉಪಯೋಗಕ್ಕೆ
ಒಂದೇ ಸಾಲು ಜಾಗ.

"ಹದಿನಾರಾಯಿತು. ಫೋನಿನಲ್ಲಿ ಹದಿನೇಳು ಅಂದಿದ್ದಿರಿ?"
ನಾನು ಮಂಚದ ಕೆಳಗೆ ಕೈ ಚಾಚಿದೆ.
ಅವ್ವನ ಕಾಲು ನನ್ನ ಮಣಿಕಟ್ಟಿನ ಮೇಲೆ ಬಂತು,
ಮೆಲ್ಲಗೆ, ತೆಗೆಯದ ಹಾಗೆ.

ರಾತ್ರಿ ಹೇಳಿದಳು.
ಹಡಗು ಖಾಲಿಯಾದ ಮೇಲೆ ಗೋದಾಮಿನ ನೆಲದಲ್ಲಿ
ಸಾಬವ್ವ, ಅವಳ ಸೆರಗು, ಒಂದು ಮೋಟು ಕಸಬರಿಗೆ.
ಗುಡಿಸಿದ್ದರಲ್ಲಿ ಏನೇನಿಲ್ಲ:
ತುಕ್ಕು, ಗೋಣಿನಾರು, ಇಲಿಹಿಕ್ಕೆ,
ಯಾವ ದೇಶದ್ದೋ ಮಣ್ಣು.
ಸಾಣಿಗೆಯಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ
ಆ ಎಲ್ಲ ದೇಶಗಳನ್ನೂ ಕೆಳಗೆ ಬಿಟ್ಟು
ಮೇಲೆ ಉಳಿದದ್ದು ನಮ್ಮ ಚಪಾತಿ.
ಒಮ್ಮೆ ಗೇಟಿನಲ್ಲಿ ಸಿಪಾಯಿ ಮಡಿಲು ಝಾಡಿಸಿದ,
ಒಂದೂವರೆ ಸೇರು.
ಕಾಗದ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ.

"ಆ ಕಾಗದ ಇನ್ನಾ ಅವರ ಹಂತ್ಯಾಕೇ ಇರ್ತದ.
ಅವರು ಏನೂ ಒಗಿಯೂದಿಲ್ಲ, ನೋಡಿದೆಲ್ಲಾ ಇವತ್ತ.
ಸಾಣಿಗಿ ಕೊಟ್ರ ಎರಡೂ ಕೂಡ್ತಾವ."

ನಗು ಬಂತು. ನಗಲಿಲ್ಲ.
ಗೇಟು ಮುಚ್ಚಿ, ಸಿಪಾಯಿ ಸತ್ತು,
ಅಲ್ಲೀಗ ಕಾರುಗಳು ಹಡಗೇರುತ್ತವೆ
ಎಂದು ಹೇಳಬಹುದಿತ್ತು.
ಅವಳು ಆಗಲೇ ಸಾಣಿಗೆಯನ್ನು
ಹಳೆ ಸೀರೆಯಲ್ಲಿ ಸುತ್ತುತ್ತಿದ್ದಳು.

ಮುಂಜಾನೆ ಮೃಣ್ಮಯಿಯ ಫೋನು.
ಎಣಿಕೆ ತಪ್ಪಿತ್ತು ತಾಯಿ, ಹದಿನಾರೇ, ಎಂದೆ.
ಗೋದಿಯಲ್ಲಿ
ಅದು ಯಾವಾಗಲೂ ಒಂದಿಷ್ಟು ತಪ್ಪುತ್ತಿತ್ತು.