ಲಾಭ, ಎರಡು, ಮೂರು

ಚೆನ್ನಾಗಿರೋ ಕೂಸಿಗೆ ಯಾಕಪ್ಪ ಸೂಜಿ?
ಸೊರಬದ ಕಡೆಯ ಗುತ್ಯಮ್ಮ ಕೇಳಿದ್ದು ಇಷ್ಟೆ.
ಹೆರಿಗೆ ವಾರ್ಡಿನ ಹನ್ನೊಂದನೇ ಮಂಚ,
ಮೊಮ್ಮಗಳಿಗೆ ಎರಡು ದಿನ, ಹೆಸರಿಲ್ಲ,
ಅಂಗಾಲಲ್ಲಿ ಆಗಲೇ ಕಾಡಿಗೆಯ ಬೊಟ್ಟು.

ನನ್ನ ಹತ್ತಿರ ಉತ್ತರ ಇತ್ತು, ಅಚ್ಚಾಗಿತ್ತು,
ಮೂರು ಪುಟ, ಕೊನೆಗೆ ಸಹಿಗೊಂದು ಗೆರೆ.
ಓದಿದೆ: ಮಿದುಳಿಗೆ ಸಂಬಂಧಿಸಿದ ಪ್ರೋಟೀನುಗಳ...
ಅಷ್ಟಕ್ಕೇ ಬಾಣಂತಿ ರತ್ನಾಕ್ಷಿ ಆಕಳಿಸಿದಳು.

ಹಾಳೆ ಮಡಚಿದೆ.
ಹೊಸ ಕಂಬಳಿ ಹೊದ್ದರೆ ಮೈಗೆಲ್ಲ ಎಳೆ ಹತ್ತುತ್ತಲ್ಲ ಅಜ್ಜಿ,
ಹಾಗೇ ಹೊಸ ಮಿದುಳೂ
ತನ್ನ ನೂಲು ತುಸು ನೆತ್ತರಿಗೆ ಉದುರಿಸುತ್ತೆ.
ಪೆಟ್ಟು ತಿಂದದ್ದು ಜಾಸ್ತಿ ಉದುರಿಸುತ್ತೆ.
ಎಷ್ಟರ ತನಕ ಹೊಸತನ, ಎಲ್ಲಿಂದಾಚೆ ಪೆಟ್ಟು,
ಅದು ನಮಗೇ ಇನ್ನೂ ಸರಿಯಾಗಿ ಗೊತ್ತಿಲ್ಲ.
ಥೈರಾಯ್ಡ್ ಪರೀಕ್ಷೆಗೆ ಹೇಗೂ ಚುಚ್ಚುತ್ತೇವೆ,
ಅದೇ ಗಾಯದಿಂದ ಇನ್ನು ನಾಲ್ಕು ಹನಿ.

ಗುತ್ಯಮ್ಮನ ಬಾಯಲ್ಲಿ ಎಲೆಯಡಿಕೆ.
ವಾರ್ಡಲ್ಲಿ ಉಗುಳುವಂತಿಲ್ಲ, ನುಂಗಿದಳು.
ಎಷ್ಟಿರುತ್ತೆ ಅದು, ಅಳತೆಗೆ?
ಗಾಜನೂರು ಡ್ಯಾಮು ತುಂಬಿರುವಾಗ
ಎರಡು ಸೇರು ಉಪ್ಪು ಸುರಿದು ಕದಡಿದರೆ
ಒಂದು ಲೋಟಕ್ಕೆ ಎಷ್ಟು ಉಪ್ಪು ಬಂತು, ಅಷ್ಟು.
ನಕ್ಕಳು. ಅದನ್ನ ಅಳೀತೀಯಾ ನೀನು?
ಮಿಷನ್ ಅಳೆಯುತ್ತೆ. ನಾನು ಬರೀ ತುಂಬಿಸೋನು.

ರತ್ನಾಕ್ಷಿ ಸಹಿ ಮಾಡಿದಳು.
ಯಾರೂ ಕೇಳದಿದ್ದರೂ ಅಜ್ಜಿ ಪಕ್ಕದಲ್ಲಿ ಹೆಬ್ಬೆಟ್ಟೊತ್ತಿದಳು.

ಹಿಮ್ಮಡಿಗೆ ಬಿಸಿನೀರ ಬಟ್ಟೆ ಸುತ್ತಿ ಬಿಚ್ಚಿದೆ.
ಕಪ್ಪು ಬೊಟ್ಟಿನ ಪಕ್ಕ ಕೆಂಪು ಬೊಟ್ಟು.
ಕೂಸು ಕಿಟಕಿ ಗಾಜು ನಡುಗುವಂತೆ ಅತ್ತಿತು.
ನಮಗೆ ಬೇಕಾದವರು ಇವರೇ, ಹೀಗೆ ಅಳುವವರು.
ಒಂದು, ಅಂದೆ.
ಒಂದು ಅನ್ನಬ್ಯಾಡ! ಕಣದಲ್ಲಿ ಭತ್ತ ಅಳೆಯೋರು
ಒಂದು ಅಂತಾರೇನೋ? ಲಾಭ ಅನ್ನು.
ಲಾಭ, ಎರಡು, ಮೂರು, ನಾಲ್ಕು.
ಅವಳೇ ಎಣಿಸಿದಳು. ಹತ್ತಿ ಒತ್ತಿ ಹಿಡಿದವಳೂ ಅವಳೇ.

ನನ್ನಪ್ಪ ಭದ್ರಾವತಿಯ ಕುಲುಮೆಯೆದುರು
ಉದ್ದ ಹಿಡಿಯ ಸೌಟಲ್ಲಿ ಕುದಿಯುವ ಕಬ್ಬಿಣ ಮೊಗೆದು
ಪರೀಕ್ಷೆಗೆ ಕೊಡುತ್ತಿದ್ದ, ಇಪ್ಪತ್ತೆಂಟು ವರ್ಷ.
ಸರಿಯಾಗಿ ಬಂದ ಪಾಕದ್ದೂ ಒಂದು ಬಿಲ್ಲೆ ಎತ್ತಿಡಬೇಕು, ಎನ್ನುತ್ತಿದ್ದ,
ಇಲ್ಲದಿದ್ರೆ ಕೆಟ್ಟದ್ದನ್ನ ಯಾವುದರ ಪಕ್ಕ ಇಟ್ಟು ನೋಡ್ತೀಯ?
ಅವನ ಮುಂಗೈ ತುಂಬ ಕಿಡಿ ತಾಗಿದ ಚುಕ್ಕಿಗಳು.

ಸೋಮವಾರ ರಾತ್ರಿ ಹೊಸನಗರದಿಂದ ಆಂಬುಲೆನ್ಸು.
ಹುಟ್ಟಿ ಹನ್ನೆರಡು ನಿಮಿಷ ಅಳದ ಗಂಡುಮಗು.
ಅದರ ಅಪ್ಪ ಮಡಿಲಲ್ಲಿ ಖಾಲಿ ಟವೆಲು ಹಿಡಿದು
ಲಿಫ್ಟಿನ ಎದುರು ಕೂತಿದ್ದ, ಬಾಗಿಲು ತೆರೆದಾಗಲೆಲ್ಲ ಏಳುತ್ತಿದ್ದ.
ಬುಧವಾರ ಅಂಕಿ ಬಂತು.
ಎಷ್ಟಿರಬೇಕಿತ್ತು? ಡಾಕ್ಟರ್ ಶಾಹೀನಾ ಕೇಳಿದರು.

ಆರೋಗ್ಯವಂತರ ಹಾಳೆ ತೆರೆದೆ.
ಮೂವತ್ತೆಂಟು ಚುಕ್ಕಿ, ಗೆರೆಯ ಕೆಳಗೆ ಗುಂಪಾಗಿ,
ಹೆಸರಿಲ್ಲ, ಬರೀ ಸಂಖ್ಯೆ.
ಇಪ್ಪತ್ತೊಂಬತ್ತು ಯಾರೆಂದು ನನಗೆ ಗೊತ್ತು, ಗೊತ್ತಿರಬಾರದು.
ಹೊಸ ಚುಕ್ಕಿ ಎಲ್ಲರಿಂದ ದೂರ, ಮೇಲೆ, ಒಂಟಿ.
ಡಾಕ್ಟರು ತುಂಬ ಹೊತ್ತು ನೋಡಿ
ಮೂವತ್ತೆಂಟು ಸಾಲದು, ಎಂದರು.

ಆ ಮಗು ಶನಿವಾರ ಹಾಲು ಕುಡಿಯಿತಂತೆ, ಚಮಚದಲ್ಲಿ.
ಮಿಕ್ಕಿದ್ದು ತಿಳಿಯಲು ಅದು ನಡೆಯಬೇಕು, ಮಾತಾಡಬೇಕು.
ಅಷ್ಟರೊಳಗೆ ಗುತ್ಯಮ್ಮ ಊರು ಸೇರಿದ್ದಳು,
ಎಷ್ಟು ಬಂತು ನಮ್ಮದು ಎಂದು ಕೇಳಲಿಲ್ಲ,
ಕೇಳಿದ್ದರೆ ಹೇಳುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆ, ನಾಲ್ಕನೇ ಮಂಚ.
ಚೆನ್ನಾಗೇ ಇದೆಯಲ್ಲ ಸಾರ್, ಯಾಕೆ?
ಹೊಸ ಕಂಬಳಿ ಹೊದ್ದರೆ, ಎಂದು ಶುರು ಮಾಡಿದೆ.