ಕೊರಳಪಟ್ಟಿ

ಎಲ್ಲರ ಕೊರಳಲ್ಲೂ ಹೆಸರು, ಊರು, ಕಂಪನಿ.
ನನ್ನದರಲ್ಲಿ 'ದುಭಾಷಿ' ಅಂತಷ್ಟೆ.
ಹೆಸರು ಬರೆಸುವ ಮೇಜಿನ ಹುಡುಗಿ,
"ಒಂದು ದಿನಕ್ಕೆ ಸಾಕಲ್ಲ ಸರ್?" ಅಂದಳು.
ಸಾಕು.
ಮೂವತ್ತೊಂದು ವರ್ಷ ಬಂದರು ಕಚೇರಿಯಲ್ಲಿ
ಬೇರೆಯವರ ಹೆಸರಿನ ಮೇಲೆ ಸೀಲು ಒತ್ತಿದವನು ನಾನು.

ಕಾರವಾರದ ಕಡಲಿಗೆ ಬೆನ್ನು ತಿರುಗಿಸಿ ಕಟ್ಟಿದ ಹೋಟೆಲು.
ಕಿಟಕಿಗೆಲ್ಲ ಪರದೆ ಎಳೆದು
ಗೋಡೆಯ ಮೇಲೆ ಕಡಲು ತೋರಿಸುತ್ತಿದ್ದರು,
ನೀಲಿ ಗ್ರಾಫು, ಅದರ ಮೈಮೇಲೆ ಹತ್ತುವ ಬಾಣ.
ಭಾರತ–ನಾರ್ವೆ ವಾಣಿಜ್ಯ ಮಂಡಳಿಯ ವಿಚಾರಸಂಕಿರಣ:
ಕರಾವಳಿಯಲ್ಲಿ ದ್ವಿಪಕ್ಷೀಯ ಅವಕಾಶಗಳು.

'ದ್ವಿಪಕ್ಷೀಯ' ಅಂದೆ ಮೈಕಿನಲ್ಲಿ.
ಹಿಂದಿನ ಸಾಲಿನ ಮೀನುಗಾರ ಸೊಸೈಟಿಯವರು ತಲೆಯೆತ್ತಿದರು.
ಅವರು ನಂಬುವ ಪಕ್ಷ ಎರಡೇ: ಶುಕ್ಲ, ಕೃಷ್ಣ.
ಹುಣ್ಣಿಮೆಯ ಭರತಿ, ಅಮಾಸೆಯ ಭರತಿ,
ನಡುವೆ ಅಷ್ಟಮಿಯ ಸೋತ ನೀರು.
ಓಟಿನವು ಇವೆ, ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಮೇಲೆ ನೆಟ್‌ವರ್ಕಿಂಗ್.
ಏನನ್ನಲಿ ಇದಕ್ಕೆ?
ಬಲೆ ಬೀಸುವುದು ಅಂದರೆ ಮೋಸ,
ಬಲೆ ಹೆಣೆಯುವುದು ಅಂದರೂ ಸಂಚೇ.
ನಮ್ಮ ಮಾತಿನಲ್ಲಿ ಬಲೆಗೆ ಒಳ್ಳೆಯ ಹೆಸರೇ ಇಲ್ಲ!
ಇದು ಹೊಳೆದದ್ದು ಅದರಿಂದಲೇ ಉಣ್ಣುವ ನಲವತ್ತು ಜನರ ಮುಂದೆ ನಿಂತಾಗ.
"ಪರಿಚಯ ಮಾಡಿಕೊಳ್ಳುವುದಂತೆ," ಅಂದೆ, "ಚಾ ಕುಡೀತಾ."

ದುಭಾಷಿಯ ಜೀವ ಇರುವುದು 'ಅಂತೆ'ಯಲ್ಲಿ.
ಆಗುತ್ತದಂತೆ. ನೋಡುತ್ತಾರಂತೆ. ಬಂಡವಾಳ ಬರಬಹುದಂತೆ.

ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕಾರ್ಡು,
ಎಡಗೈ ಅಂತ ಕ್ಷಮೆ ಕೇಳುತ್ತ ಕೊಟ್ಟವರು,
ಓದದೆ ಜೇಬಿಗಿಳಿಸಿದವರು.
ಐಸ್ ಫ್ಯಾಕ್ಟರಿಯ ರಾಯ್ಕರ್ ಒಬ್ಬನಿಗೇ ಎರಡು ಸಲ ಕೊಟ್ಟ.
ಸಿರಸಿಯ ಕಾಳುಮೆಣಸಿನ ಸೊಸೈಟಿಯ ಮ್ಯಾನೇಜರು
ಬೇರೆಯವರ ಮದುವೆಗೆ ಬಂದಂತೆ
ಜಿಲೇಬಿಯ ಪಕ್ಕದಲ್ಲೇ ನಿಂತಿದ್ದ.

ಕಾರ್ಡಿಲ್ಲದ ದ್ರುಪದಾ ತಾಂಡೇಲ,
ಒಣಮೀನು ಸಂಘದವಳು, ಬೆಳಿಗ್ಗೆ ಕೈಯೆತ್ತಿದ್ದಳು.
ಟೈಮಿಲ್ಲವಂತೆ ಅಂದಿದ್ದೆ, ನಾನೇ.
ಈಗ ಚಾ ಸಾಲಿನಲ್ಲಿ ನನ್ನ ತೋಳು ಹಿಡಿದಳು:
"ಅವನ್ನ ಕೇಳಿ. ನಮ್ಮಲ್ಲಿ ಮಳೆಗಾಲಕ್ಕೆ ಎರಡು ತಿಂಗಳು ಕಡಲು ಬಂದ್.
ಅವರಲ್ಲೂ ಬಂದ್ ಆಗ್ತದಾ? ಆಗ ಏನು ತಿಂತಾರೆ?"

ಕೇಳಿದೆ.
ಹಾಲ್ವರ್ ಎಂಬ ಆ ಎತ್ತರದ ಮನುಷ್ಯ
ಕಪ್ಪು ಕೆಳಗಿಟ್ಟ. ಅವನ ಸ್ಲೈಡುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ಹುಡುಕಿದ. ಇಂಗ್ಲಿಷು ಕೈಗೆ ಸಿಗದೆ
ತನ್ನ ತಾಯಿಯ ಅಡುಗೆಮನೆಯಿಂದ ಒಂದನ್ನು ಎತ್ತಿ ತಂದ:
"ಪುಟೇಟ್."

ನಾನು ಬಾಯಿ ತೆರೆಯುವ ಮೊದಲೇ
"ಬಟಾಟೊ!" ಅಂದಳು ದ್ರುಪದಾ.

ನಕ್ಕರು ಇಬ್ಬರೂ, ನನ್ನ ಭುಜದ ಮೇಲಿಂದ.
ಅವನು ಮುಷ್ಟಿ ಮಾಡಿ ಗಾತ್ರ ತೋರಿಸಿದ,
ಅವಳು ಹೆಬ್ಬೆರಳಲ್ಲಿ ಸಿಪ್ಪೆ ಸುಲಿದಳು.
ಬೇಯಿಸುವುದಾ, ಹುರಿಯುವುದಾ,
ಅದನ್ನೂ ಕೈಯಲ್ಲೇ ಮುಗಿಸಿದರು.
ಯಾವ ಹಡಗಿನವನು ಇಳಿಸಿ ಹೋದನೋ
ಆ ಪದವನ್ನು ಈ ದಂಡೆಯಲ್ಲಿ,
ಮೊಳಕೆಯೊಡೆದ ಗೆಡ್ಡೆಯ ಜೊತೆ,
ಬೆಲೆಯನ್ನಷ್ಟೇ ಬೆರಳಲ್ಲಿ ಹೇಳಿ.
ನಾನು ತಣ್ಣಗಾದ ಚಾ ಕುಡಿದೆ.

ಸಂಜೆ ಲಕೋಟೆ ಕೊಟ್ಟರು, ಎರಡು ಸಾವಿರ.
ವೋಚರಿಗೆ ಮಾತ್ರ ಪೂರ್ತಿ ಹೆಸರು ಬೇಕಾಯಿತು.
ವಿಠೋಬಾ ಗುನಗಿ, ಬರೆದೆ, ಚಿತ್ತಾಕುಲ.

ಕಾಳಿಯ ಮೇಲೆ ಹಳೆಯ ಸೇತುವೆ ಬಿದ್ದಮೇಲೆ
ಹೋಗುವವರೂ ಬರುವವರೂ ಉಳಿದ ಒಂದರಲ್ಲೇ.
ಎದುರು ಗೋವೆಯ ಲಾರಿ ಕಣ್ಣಿಗೆ ಕುಕ್ಕುತ್ತ ಬಂತು,
ನಮ್ಮ ಬಸ್ಸಿನವನು ದೀಪ ತಗ್ಗಿಸಿದ.
ಅವನೂ ತಗ್ಗಿಸಿದ.

ಕೊರಳಪಟ್ಟಿ ತೆಗೆಯಲು ಮರೆತಿದ್ದೆ.
ಕಂಡಕ್ಟರ್ ಬಗ್ಗಿ, ಮಬ್ಬಿನಲ್ಲಿ ಓದಿ,
"ದುಬೈಯಿಂದಲಾ?" ಅಂದ.
ಅಲ್ಲ ಮಾರಾಯ,
ಚಿತ್ತಾಕುಲಕ್ಕೆ ಒಂದು.